ಬಸವನ ಕೊರಳಿನ ಲಾಡಿಗೆ ಎಂಟು ಸೆಕೆಂಡು

ಹೋದ ವರ್ಷದ ಬೇಸಿಗೆಯಲ್ಲಿ ನಾನು ಲಿಂಗಸುಗೂರಿನ ಒಂದು ಪುಟ್ಟ ಅನಿಮೇಶನ್ ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ರಿವ್ಯೂವರ್ ಆಗಿದ್ದೆ. ಬೇರೆಯವರು ಬರೆದದ್ದರಲ್ಲಿ, ಬಿಡಿಸಿದ್ದರಲ್ಲಿ ತಪ್ಪು ಹುಡುಕಿ ಕೊಡುವುದು ನನ್ನ ಕೆಲಸ. ಈ ಕೆಲಸ ಸಿಕ್ಕ ದಿನ ಮಸ್ಕಿಯಲ್ಲಿ ನಮ್ಮವ್ವ, "ಇಷ್ಟು ದಿನ ಮನ್ಯಾಗ ಪುಕ್ಕಟೆ ಮಾಡ್ತಿದ್ದಿ. ಅದಕ್ಕೂ ಪಗಾರ ಕೊಡ್ತಾರ?" ಎಂದು ಕೇಳಿದ್ದಳು.

ಅವಳ ಮಾತಿನಲ್ಲಿ ಸುಳ್ಳಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳಲ್ಲೇ ಕಳೆದವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಿನವರು ಬಾಯಿ ಮುಚ್ಚಿದರೆ ನಾನು ಗೆದ್ದಂತೆ. ಈ ಲೆಕ್ಕ ಎಷ್ಟು ಕಚ್ಚಾ ಎಂಬುದು ನನಗೆ ತಿಳಿದದ್ದು ಗೊಬ್ಬರದ ಅಂಗಡಿಯ ಮಹಡಿಯ ಮೇಲಿದ್ದ ಆ ಸ್ಟುಡಿಯೋದಲ್ಲಿ, ಒಂದು ಕಾರ್ಟೂನ್ ಹುಡುಗನ ಕೊರಳಿನ ದಾರದ ನೆಪದಲ್ಲಿ.

ಸ್ಟುಡಿಯೋದಲ್ಲಿ ನಾವು ಆರು ಜನ. ಮುಖ್ಯಸ್ಥರು ವಿರುಪಾಕ್ಷಿ ಸರ್, ಮೊದಲು ಡ್ರಾಯಿಂಗ್ ಮಾಸ್ತರರಾಗಿದ್ದವರು. ಪಾತ್ರಗಳನ್ನು ವಿನ್ಯಾಸ ಮಾಡುವವನು ಮಹಬೂಬ, ಮುದಗಲ್ಲಿನವನು, ಇಪ್ಪತ್ತಮೂರರ ಪ್ರಾಯ. ಬೆಂಗಳೂರಿನ ಒಂದು ಮಕ್ಕಳ ಸಂಸ್ಥೆಯಿಂದ ನಮಗೆ ಇಪ್ಪತ್ತೆರಡು ನಿಮಿಷದ ಒಂದು ಚಿತ್ರ ಸಿಕ್ಕಿತ್ತು. ಬಹಳ ಹಳೆಯದೊಂದು ಮಕ್ಕಳ ಅದ್ಭುತ ಕಥೆಯ ಅನಿಮೇಶನ್ ರೂಪ. ಒಪ್ಪಂದದಲ್ಲಿ ಬೇಡ ಎಂದಿರುವುದರಿಂದ ಪುಸ್ತಕದ ಹೆಸರು ಬರೆಯುವುದಿಲ್ಲ. ಕಥೆ ಇಷ್ಟೇ: ಬಾವಿಯ ತಳದಲ್ಲಿ ಒಬ್ಬ ದೊರೆ ಇದ್ದಾನೆ, ಅವನು ಜನರ ನೆರಳು ಕದಿಯುತ್ತಾನೆ. ಒಬ್ಬ ರಾಜಕುಮಾರಿ ಬಾವಿಗಿಳಿದು, ನೂರಾರು ನೆರಳುಗಳ ನಡುವೆ ತನ್ನ ಗೆಳೆಯರ ನೆರಳನ್ನು ಗುರುತಿಸಿ ಬಿಡಿಸಿ ತರುತ್ತಾಳೆ. ಹೇಗೆ ಗುರುತಿಸುತ್ತಾಳೆ? ಅವರೂ ಅರಮನೆಯ ಮಕ್ಕಳೇ. ನೆರಳಿನ ತಲೆಯ ಮೇಲೂ ಕಿರೀಟ ಇರುತ್ತದೆ!

ಸಂಸ್ಥೆಯ ಬಯಕೆ ಬೇರೆ ಇತ್ತು. ಅರಮನೆ ಬೇಡ, ಕಿರೀಟ ಬೇಡ, ನಮ್ಮ ಕಡೆಯ ಮಕ್ಕಳು ತೆರೆಯ ಮೇಲೆ ಬರಲಿ. ಹಾಗಾಗಿ ರಾಜಕುಮಾರಿ ಸಿಂಧನೂರಿನ ಕಾಲುವೆ ಕ್ಯಾಂಪಿನ ಲಕ್ಷ್ಮಿಯಾದಳು. ಅವಳ ಗೆಳೆಯರು ಲಿಂಗಸುಗೂರಿನ ಬಸವ ಮತ್ತು ಮುದಗಲ್ಲಿನ ರೇಷ್ಮಾ. ಜೊತೆಗೆ ಒಂದು ಎಕ್ಸೆಲ್ ಹಾಳೆಯೂ ಬಂತು, ಪ್ರಾತಿನಿಧ್ಯದ ಪಟ್ಟಿ. ಪಾತ್ರದ ಹೆಸರು, ಊರು, ಸಮುದಾಯ, ಮನೆಮಾತು, ಕೊನೆಯ ಕಾಲಂನಲ್ಲಿ ‘ತೆರೆಯ ಮೇಲಿನ ಗುರುತು’.

ಪಟ್ಟಿ ನೋಡಿದ ಕೂಡಲೇ ನನ್ನ ಮೈ ಉರಿಯಿತು. ನಾನು ವೈವಿಧ್ಯದ ವಿರೋಧಿಯಲ್ಲ. ಆದರೆ ಮಕ್ಕಳನ್ನು ಕಿರಾಣಿ ಸಾಮಾನಿನ ಹಾಗೆ ಪಟ್ಟಿ ಮಾಡುವುದೇ? ಸಂಸ್ಥೆಯ ಕಡೆಯಿಂದ ನಮ್ಮ ಕೆಲಸ ನೋಡುತ್ತಿದ್ದವರು ನಂದಿತಾ ಮೇಡಂ. ಮೊದಲ ವಿಡಿಯೋ ಕಾಲ್‌ನಲ್ಲೇ ಅವರ ಮೇಲೆ ಹತ್ತು ನಿಮಿಷ ದಾಳಿ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸುಮಂಗಲಾ, ಎರಡೇ ಪ್ರಶ್ನೆ. ಗುರುತೇ ಇಲ್ಲದಿದ್ದರೆ, ರೇಷ್ಮಾ ಮುಸ್ಲಿಂ ಹುಡುಗಿ ಅಂತ ನೋಡುವ ಮಗುವಿಗೆ ಹೇಗೆ ಗೊತ್ತಾಗುತ್ತದೆ? ಇಷ್ಟು ವರ್ಷ ಅವಳು ತೆರೆಯ ಮೇಲೆ ಇರಲೇ ಇಲ್ಲವಲ್ಲ! ಎರಡನೆಯದು, ಕಿರೀಟ ತೆಗೆದಿದ್ದೀರಿ. ಇನ್ನು ನೆರಳನ್ನು ಗುರುತಿಸುವುದು ಯಾವುದರಿಂದ?"

ಎರಡನೆಯ ಪ್ರಶ್ನೆಯಂತೂ ಕಥೆಯ ಬುಡಕ್ಕೇ ಬೀಳುವಂಥದ್ದು. ಅವರ ಪರಿಹಾರ ಅಚ್ಚುಕಟ್ಟಾಗಿತ್ತು: ಕಿರೀಟದ ಜಾಗದಲ್ಲಿ ಗುರುತು. ರೇಷ್ಮಾಳ ನೆರಳಿಗೆ ಸ್ಕಾರ್ಫ್, ಬಸವನ ನೆರಳಿಗೆ ಕೊರಳಿನ ಲಿಂಗದ ಕರಡಿಗೆ. ತರ್ಕ ಗಟ್ಟಿಯಾಗಿದ್ದರೆ ನಾನು ತಲೆಬಾಗುತ್ತೇನೆ. ಬಾಗಿದೆ. ಬಾಗಿದ ಮೇಲೆ, ಹೊಸದಾಗಿ ಮತ ಬದಲಿಸಿದವರ ಹುರುಪಿನಲ್ಲಿ ಆ ಪಟ್ಟಿಗೆ ಕಾವಲುಗಾರ್ತಿಯೂ ಆದೆ.

ಒಪ್ಪಂದದಲ್ಲಿ ಒಂದು ಷರತ್ತಿತ್ತು. ವಿನ್ಯಾಸದಲ್ಲಿ ಮೂರು ತಪ್ಪು ದಾಖಲಾದರೆ ಆ ಕೆಲಸ ಬೇರೆ ಸ್ಟುಡಿಯೋಗೆ ಹೋಗುತ್ತದೆ, ‘ಪಾತ್ರ ವಿನ್ಯಾಸ’ ಎಂಬ ಸಾಲಿನಲ್ಲಿ ಅವರ ಹೆಸರು ಬರುತ್ತದೆ. ಮಹಬೂಬನ ಲೆಕ್ಕದಲ್ಲಿ ಆಗಲೇ ಎರಡಿದ್ದವು. ಚಿತ್ರದಲ್ಲಿ ಬರುವ ಮಾತನಾಡುವ ಉಡದ ಬಾಲ ಒಂದು ದೃಶ್ಯದಲ್ಲಿ ಉದ್ದ, ಇನ್ನೊಂದರಲ್ಲಿ ಮೋಟು. ಇನ್ನೊಮ್ಮೆ ದೊರೆಯ ಎಡಗೈಗೆ ಆರು ಬೆರಳು. ಎರಡೂ ಅವನದೇ ತಪ್ಪು, ಅವನೂ ಒಪ್ಪಿದ್ದ. ತೆರೆಯ ಮೇಲೆ ಮೊದಲ ಬಾರಿ ತನ್ನ ಹೆಸರು ಬರುತ್ತದೆ ಎಂದು ಅವನು ಮನೆಯಲ್ಲೆಲ್ಲ ಹೇಳಿಕೊಂಡಿದ್ದ.

ಒಂದು ಸೋಮವಾರ ನಾನು ಬಸವನ ಹಾಳೆ ತೆರೆದೆ. ಕೊರಳಲ್ಲಿ ಕರಡಿಗೆ ಸರಿಯಾಗಿತ್ತು. ಅದರ ಜೊತೆಗೆ ಕೆಂಪು, ಹಸಿರು, ಹಳದಿ ನೂಲು ಹೊಸೆದ ದಪ್ಪ ಲಾಡಿಯೂ ಇತ್ತು. ಮೊಹರಂನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತು ‘ಫಕೀರ’ರಾದವರು ಕೊರಳಿಗೆ ಹಾಕಿಕೊಳ್ಳುವ ದಾರ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ತಪ್ಪಿನ ದಾಖಲೆಯಲ್ಲಿ ಟೈಪ್ ಮಾಡಿದೆ: ‘ಒಂದೇ ಕೊರಳಲ್ಲಿ ಎರಡು ಸಮುದಾಯದ ಗುರುತು. ಸರಿಪಡಿಸಿ.’ ಕಳಿಸಿಯೂ ಬಿಟ್ಟೆ. ಅದು ಮಹಬೂಬನ ಮೂರನೆಯ ತಪ್ಪು ಎಂಬುದು ಹೊಳೆದದ್ದು ಅವನು ನನ್ನ ಮೇಜಿನ ಮುಂದೆ ಬಂದು ನಿಂತಾಗ.

"ಅಕ್ಕಾರ, ಇದು ತಪ್ಪಲ್ರಿ. ಬಸವ ಫಕೀರ ಆಗ್ಯಾನ."

"ಕಥಿಯೊಳಗ ಎಲ್ಲಿ ಐತಿ ಅದು?"

"ಕಥಿಯೊಳಗಿಲ್ಲ. ಲಿಂಗಸುಗೂರಾಗ ಐತಿ."

"ಪಟ್ಟಿಯೊಳಗ ಬಸವ ಲಿಂಗಾಯತ ಅಂತ ಬರದೈತಿ, ಮಹಬೂಬ. ನೋಡೋರಿಗೆ ಗೊಂದಲ ಆಗ್ತದ."

ಅವನು ಸಿಟ್ಟಾಗಲಿಲ್ಲ. ನಿಜವಾದ ಆಶ್ಚರ್ಯದಿಂದ ಕೇಳಿದ. "ಅಕ್ಕಾರ, ನೀವು ಮಸ್ಕಿಯವರಲ್ಲೇನ್ರಿ? ಸಣ್ಣಾಕಿದ್ದಾಗ ನೀವು ಫಕೀರ ಆಗಿದ್ದಿಲ್ಲೇನು?"

"ನಾನಾ? ಸುಮ್ನಿರು!" ಎಂದೆ. ಆದರೂ ಅನುಮಾನ ಹೊಕ್ಕಿತು. ಅನುಮಾನ ಹೊಕ್ಕರೆ ನನಗೆ ಕೂರಲಾಗುವುದಿಲ್ಲ. ಮೆಟ್ಟಿಲಿಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನಾ ಮೊಹರಂದಾಗ ಫಕೀರ ಆಗಿದ್ನೇನ?"

"ಐದು ವರ್ಷ ಆಗಿದ್ದಿ. ನಿನಗ ಜ್ವರ ಬಂದಾಗ ನಿಮ್ಮಜ್ಜಿ ಹರಕಿ ಹೊತ್ತಿದ್ಲು. ಹಬ್ಬ ಮುಗಿದ್ರೂ ಲಾಡಿ ಬಿಚ್ಚಾಕ ಕೊಡ್ತಿದ್ದಿಲ್ಲ, ಮಲಗಿದಾಗ ಬಿಚ್ಚಬೇಕಾಗ್ತಿತ್ತು. ಎದ್ದು ಓಣಿ ಕೇಳೋಹಂಗ ಅಳ್ತಿದ್ದಿ." ಅಷ್ಟಕ್ಕೇ ಬಿಡದೆ, "ಇಷ್ಟೆಲ್ಲಾ ಓದಿ ಅದನ್ನೂ ಮರ್ತೀಯೇನು?" ಎಂದಳು.

ಅರ್ಧ ಗಂಟೆಯಲ್ಲಿ ಅಪ್ಪನ ಮೊಬೈಲಿನಿಂದ ಆಲ್ಬಂನ ಫೋಟೋ ಬಂತು. ಹಣೆಗೆ ವಿಭೂತಿ, ಕೊರಳಲ್ಲಿ ಎದೆಯವರೆಗೆ ಇಳಿದ ಲಾಡಿ, ಕೈಯಲ್ಲಿ ಪೀರಲ ದೇವರ ಮುಂದೆ ಮಂತ್ರ ಓದಿಸಿಕೊಂಡು ಬಂದ ಸಕ್ಕರೆಯ ಪೊಟ್ಟಣ, ಎರಡು ಹಲ್ಲಿಲ್ಲದ ಬಾಯಿ. ನಾನೇ! ಒಂದೇ ಮೈಮೇಲೆ ಎರಡು ಗುರುತು!

ನಾಚಿಕೆಗಿಂತ ಹೆಚ್ಚಾಗಿ ನನಗಾದದ್ದು ರೋಮಾಂಚನ. ಒಂದು ಕಾಲಂ ನನ್ನ ಬಾಲ್ಯವನ್ನೇ ತಪ್ಪು ಎಂದು ದಾಖಲಿಸಿತ್ತು, ಆ ದಾಖಲೆ ಬರೆದವಳು ನಾನೇ ಆಗಿದ್ದೆ. ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಕೂಡಲೇ ನಂದಿತಾ ಮೇಡಂಗೆ ಬರೆದೆ: ‘ಮೂರನೆಯ ತಪ್ಪು ನನ್ನದು, ಮಹಬೂಬನದಲ್ಲ. ದಾಖಲೆ ಹಿಂತೆಗೆದುಕೊಳ್ಳುತ್ತೇನೆ.’ ಉತ್ತರವೂ ಕೂಡಲೇ ಬಂತು: ‘ಕಾರಣ ಬೇಕು. ಬುಧವಾರ ಮಾತನಾಡೋಣ.’

ಮಂಗಳವಾರ ಪೂರ್ತಿ ನಾನು ಮತ್ತು ಮಹಬೂಬ ಅವನ ಬೈಕಿನಲ್ಲಿ ಸುತ್ತಿದೆವು. ಲಿಂಗಸುಗೂರು, ಮಸ್ಕಿ, ಸಿಂಧನೂರು. ಕೇಳಿದ್ದು ಒಂದೇ: ನಿಮ್ಮ ಮನೆಯಲ್ಲಿ ಮೊಹರಂ ಫಕೀರರ ಫೋಟೋ ಇದೆಯೇ? ಮಸ್ಕಿಯ ಬಟ್ಟೆ ಅಂಗಡಿಯವರು ಗಲ್ಲಾ ಪೆಟ್ಟಿಗೆಯ ಮೇಲಿನ ಗೋಡೆಯಿಂದಲೇ ಒಂದು ಫೋಟೋ ಇಳಿಸಿ, "ಇವ ನನ್ನ ದೊಡ್ಡ ಮಗ, ಈಗ ಡಾಕ್ಟರ್ ಆಗ್ಯಾನ. ಜತನ ತೊಗೊಂಡು ಹೋಗ್ರಿ" ಎಂದರು. ಸಿಂಧನೂರಿನ ಕ್ಯಾಂಪಿನಲ್ಲಿ ತೆಲುಗು ಮಾತನಾಡುವ ಒಬ್ಬ ಅಜ್ಜಿ ಟ್ರಂಕು ತೆರೆದು ಮೂರು ಫೋಟೋ ಕೊಟ್ಟರು. ಅವರ ಮನೆಯವರು ಆಂಧ್ರದಿಂದ ಇಲ್ಲಿಗೆ ಬಂದ ಮೊದಲ ವರ್ಷ ಎಮ್ಮೆಗೆ ಹುಷಾರಿರಲಿಲ್ಲವಂತೆ. ಪಕ್ಕದ ಮನೆಯವರು ಹೇಳಿದರೆಂದು ಹರಕೆ ಹೊತ್ತರಂತೆ, ಎಮ್ಮೆ ಎದ್ದು ನಿಂತಿತು, ಇವರು ಇನ್ನೂ ಬಿಟ್ಟಿಲ್ಲ. ಸಂಜೆಯ ಹೊತ್ತಿಗೆ ಹದಿನಾಲ್ಕು ಫೋಟೋ.

ಬುಧವಾರ ಅವುಗಳನ್ನು ಒಂದೊಂದಾಗಿ ಸ್ಕ್ರೀನಿನ ಮೇಲೆ ತೋರಿಸಿ, ಪ್ರಾತಿನಿಧ್ಯದ ಪಟ್ಟಿಯನ್ನೂ ತೆರೆದಿಟ್ಟೆ.

"ಮೇಡಂ, ಇವರು ಹದಿನಾಲ್ಕು ಮಕ್ಕಳು. ಸಮುದಾಯದ ಕಾಲಂ ನೀವೇ ತುಂಬಿ ಕೊಡಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ನಿಮಗೆ ಗೊತ್ತಾ?"

"ಎಲ್ಲ ಗೊತ್ತಿಲ್ಲ. ಮೂರನೆಯದು ನಾನು."

ಅವರು ಜೋರಾಗಿ ನಕ್ಕರು. ಗೆದ್ದೆ ಅಂದುಕೊಂಡೆ! ಆದರೆ ಅವರು ಬಾಯಿ ಮುಚ್ಚುವವರಲ್ಲ.

"ಒಪ್ಪಿದೆ. ಲಾಡಿ ತಪ್ಪಲ್ಲ. ಆದರೆ ನಾನು ಇದನ್ನು ಒಪ್ಪಿದ್ದು ಹದಿನಾಲ್ಕು ಫೋಟೋ ನೋಡಿ. ಚಿತ್ರ ನೋಡುವ ಮಗುವಿನ ಕೈಯಲ್ಲಿ ನಿಮ್ಮ ಆಲ್ಬಂ ಇರುವುದಿಲ್ಲ. ಎಂಟು ಸೆಕೆಂಡು ಕೊಡುತ್ತೇನೆ. ಮಾತು ಬೇಡ, ತೆರೆಯ ಮೇಲೆ ಬರಹ ಬೇಡ. ಅಷ್ಟರಲ್ಲಿ ಬಸವನ ಕೊರಳಿಗೆ ಲಾಡಿ ಯಾಕೆ ಬಂತು ಅಂತ ತೋರಿಸಬೇಕು. ಆ ಎಂಟು ಸೆಕೆಂಡು ತೆಗೆದುಹಾಕಿದರೆ ಕಥೆ ಮುರಿಯಬೇಕು. ಮುರಿಯದಿದ್ದರೆ ಅದು ಅಲಂಕಾರ, ನಾನು ಕತ್ತರಿಸುತ್ತೇನೆ. ಮೂರನೆಯ ತಪ್ಪಿನ ದಾಖಲೆಯೂ ಹಾಗೇ ಉಳಿಯುತ್ತದೆ. ಸೋಮವಾರ ಡೆಲಿವರಿ."

ಆಗ ನನ್ನ ಪಕ್ಕ ಕೂತಿದ್ದ ಮಹಬೂಬ ಮೈಕಿನ ಹತ್ತಿರ ಬಂದ. "ಮೇಡಂ, ಒಂದು ಮಾತ್ರಿ. ರೇಷ್ಮಾಗ ಗುರುತು ಬೇಕಂದ್ರ, ಅವರವ್ವನ ಕೂಡ ದಖ್ಖನಿ ಉರ್ದು ಮಾತಾಡಲಿ, ಗೆಳ್ತಿ ಕೂಡ ಕನ್ನಡ. ನಮ್ಮ ಮನ್ಯಾಗ ಹಂಗ. ಕಣ್ಣು ಮುಚ್ಚಿಕೊಂಡ್ರೂ ಗೊತ್ತಾಗ್ತದ್ರಿ."

"ಅದು ಈಗಲೇ ಪಾಸ್" ಎಂದರು ನಂದಿತಾ ಮೇಡಂ. ಅವರು ಬರೆದುಕೊಳ್ಳುವುದು ಕಾಣಿಸಿತು.

ಎಂಟು ಸೆಕೆಂಡು ಅಂದರೆ ಎಷ್ಟು ಎಂದು ಓದುಗರಿಗೆ ಹೇಳಬೇಕು. ನಮ್ಮ ಚಿತ್ರಕ್ಕೆ ಸೆಕೆಂಡಿಗೆ ಹನ್ನೆರಡು ಚಿತ್ರ ಬಿಡಿಸುತ್ತಿದ್ದೆವು. ಎಂಟು ಸೆಕೆಂಡಿಗೆ ತೊಂಬತ್ತಾರು. ಉಳಿದದ್ದು ಐದು ದಿನ. ಬಿಡಿಸುವುದು ಆಮೇಲಿನ ಮಾತು, ಏನು ಬಿಡಿಸಬೇಕು ಎಂಬುದೇ ಗೊತ್ತಿರಲಿಲ್ಲ. ಅಜ್ಜಿ ಲಾಡಿ ಕಟ್ಟುವ ದೃಶ್ಯ ಬರೆದೆ. ಚೆನ್ನಾಗಿತ್ತು. ತೆಗೆದರೆ ಕಥೆ ಮುರಿಯುತ್ತಿರಲಿಲ್ಲ. ಸಕ್ಕರೆ ಓದಿಸುವ ದೃಶ್ಯವೂ ಹಾಗೇ.

ಗುರುವಾರ ಬೆಳಿಗ್ಗೆ ವಿರುಪಾಕ್ಷಿ ಸರ್, "ಇಲ್ಲಿ ಕುಂತ್ರ ಆಗಂಗಿಲ್ಲ. ಮಹಬೂಬನ ಮನಿಗೆ ಹೋಗೂಣ ನಡೀರಿ" ಎಂದರು. ಮಹಬೂಬನ ಅಪ್ಪ ಖಾಸಿಂಸಾಬ್ ಬೋರ್ಡ್ ಬರೆಯುವವರು. ಮುದಗಲ್ಲಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯದು. ಮೊಹರಂ ಬಂತೆಂದರೆ ಹುಲಿ ವೇಷದ ಹರಕೆ ಹೊತ್ತ ಮಕ್ಕಳು ಅವರ ಅಂಗಳದಲ್ಲಿ ಸಾಲುಗಟ್ಟುತ್ತಾರೆ. ಅವರು ಒಬ್ಬೊಬ್ಬರಿಗೂ ಮೈತುಂಬ ಹಳದಿ ಬಳಿದು ಕಪ್ಪು ಪಟ್ಟಿ ಎಳೆಯುತ್ತಾರೆ. ಆಗ ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ಅಂಗಳದ ಬೇವಿನ ಮರಕ್ಕೆ ಯಾವುದೋ ಬೇಕರಿಯ ಅರ್ಧ ಬರೆದ ಬೋರ್ಡು ಆನಿಸಿತ್ತು.

ನಾನು ಹೋದವಳೇ ರಿವ್ಯೂವರ್ ಹಾಗೆ ಪ್ರಶ್ನೆ ಶುರುಮಾಡಿದೆ. "ಚಾಚಾ, ಸಾಲಿನಾಗ ನಿಂತ ಹುಡುಗರು ಯಾರ ಮನಿಯವರು ಅಂತ ನಿಮಗ ಹೆಂಗ ಗೊತ್ತಾಗ್ತದ?"

"ಯಾರ ಮನಿ ಅಂತ ತೊಗೊಂಡು ನಾ ಏನ್ ಮಾಡ್ಲವ್ವ? ನನಗ ಬೇಕಾಗಿದ್ದು ಒಂದ. ಎಲ್ಲಿ ಕಚಗುಳಿ?"

"ಕಚಗುಳಿ?"

"ಹೂಂ ಮತ್ತ. ಕಂಕುಳಾಗ ಕಚಗುಳಿ ಇದ್ದವ ಕುಂಚ ಮುಟ್ಟಿದ ಕೂಡ್ಲೆ ಜಿಗಿತಾನ, ಪಟ್ಟಿ ಸೊಟ್ಟ ಆಗ್ತದ. ಒಬ್ಬಗ ಮೊಣಕಾಲ ಹಿಂದ, ಒಬ್ಬಗ ಕುತ್ತಿಗಿ. ಒಮ್ಮಿ ನೋಡಿದ್ರ ಮರೆಯಂಗಿಲ್ಲ. ಈ ಓಣ್ಯಾಗ ಗಡ್ಡ ಬಂದ ಗಂಡಸರು ಎಲ್ಲಿ ಮುಟ್ಟಿದ್ರ ನಗ್ತಾರ ಅಂತ ಇವತ್ತಿಗೂ ನನಗ ಗೊತ್ತೈತಿ." ಅವರು ವಿರುಪಾಕ್ಷಿ ಸರ್ ಕಡೆ ತಿರುಗಿದರು. "ಮಾಸ್ತರದು ಮಾತ್ರ ಗೊತ್ತಿಲ್ಲ."

"ನನಗ ಎಲ್ಲೂ ಆಗಂಗಿಲ್ಲ ಖಾಸಿಂಸಾಬ್" ಎಂದರು ಸರ್ ಗಂಭೀರವಾಗಿ.

ಖಾಸಿಂಸಾಬ್ ಒಣ ಕುಂಚ ಎತ್ತಿಕೊಂಡು ಸರ್ ಸುತ್ತ ಒಂದು ಸುತ್ತು ಬಂದರು, ಕಿವಿಯ ಹಿಂದೆ ಹಗುರವಾಗಿ ಒಂದು ಗೆರೆ ಎಳೆದರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಆ ಮನುಷ್ಯ ‘ಕೀಂ’ ಎಂದು ಕೂಗಿ ಬೇವಿನ ಮರ ಅಪ್ಪಿಕೊಂಡರು. ಕನ್ನಡಕ ಒಂದು ಕಡೆ, ಚಪ್ಪಲಿ ಒಂದು ಕಡೆ. ಒಳಗಿನಿಂದ ಮಹಬೂಬನ ತಾಯಿ ಓಡಿ ಬಂದರು. "ಕ್ಯಾ ಹುವಾ ಜೀ? ಹಾವು ಬಂತೇನು?"

ನಾವೆಲ್ಲ ನಗುತ್ತಿದ್ದೆವು. ಮಹಬೂಬ ನಗುತ್ತಿರಲಿಲ್ಲ. ಅವನು ನೆಲ ನೋಡುತ್ತಿದ್ದ. ನೆಲದ ಮೇಲೆ ಸರ್ ನೆರಳು ಇನ್ನೂ ಕುಲುಕುತ್ತಿತ್ತು.

"ಅಕ್ಕಾರ, ನೆರಳಿಗೂ ಕಚಗುಳಿ ಆಗ್ತದೇನ್ರಿ?"

ಮೂರು ವಾರದಿಂದ ಕಥೆಯಲ್ಲಿದ್ದ ತೂತು ಮುಚ್ಚಿತ್ತು. ನೆರಳನ್ನು ಗುರುತಿಸಲು ಕಿರೀಟವೂ ಬೇಡ, ಕರಡಿಗೆಯೂ ಬೇಡ, ಸ್ಕಾರ್ಫೂ ಬೇಡ! ಮೊದಲ ಭಾಗದಲ್ಲಿ ಮೊಹರಂ ಹರಕೆಯ ಲಾಡಿ ಹಾಕಿಕೊಂಡ ಮಕ್ಕಳು ಹುಲಿ ಬಣ್ಣ ಹಚ್ಚಿಸಿಕೊಳ್ಳಲು ಸಾಲಿನಲ್ಲಿ ನಿಂತಿರುತ್ತಾರೆ. ಬಸವನ ಅಜ್ಜಿ ಅವನ ಕೊರಳಿನ ಲಾಡಿ, ಕರಡಿಗೆ ಎರಡನ್ನೂ ಒಂದೇ ಕೈಯಲ್ಲಿ ಎತ್ತಿ ಹಿಡಿಯುತ್ತಾಳೆ, ಕುಂಚ ಕಂಕುಳಿಗೆ ಹೋಗುತ್ತದೆ, ಬಸವ ಜಿಗಿಯುತ್ತಾನೆ. ರೇಷ್ಮಾಗೆ ಕೆನ್ನೆಯ ಮೇಲೆ ಬರೀ ಮೀಸೆ, ಕುಂಚ ಕುತ್ತಿಗೆ ತಾಗಿದ ಕೂಡಲೇ ಅವಳು ಭುಜ ಕಿವಿಗೆ ಏರಿಸುತ್ತಾಳೆ. ಲಕ್ಷ್ಮಿ ನೋಡಿ ನಗುತ್ತಾಳೆ. ಎಂಟು ಸೆಕೆಂಡು. ಕೊನೆಗೆ ಬಾವಿಯ ತಳದಲ್ಲಿ, ಯಾವ ಗುರುತೂ ಇಲ್ಲದ ನೂರು ಕಪ್ಪು ನೆರಳುಗಳ ನಡುವೆ, ಲಕ್ಷ್ಮಿ ಒಂದೊಂದಕ್ಕೂ ಕಚಗುಳಿ ಇಡುತ್ತಾ ಹೋಗುತ್ತಾಳೆ!

ಲಿಂಗಸುಗೂರಿಗೆ ಮರಳುವ ದಾರಿಯುದ್ದಕ್ಕೂ ಮೂವರೂ ಒಟ್ಟಿಗೆ ಮಾತನಾಡುತ್ತಿದ್ದೆವು. ಯಾರು ಕೇಳಿಸಿಕೊಂಡರೋ ಗೊತ್ತಿಲ್ಲ. ತೊಂಬತ್ತಾರರ ಜೊತೆಗೆ ಕೊನೆಯ ದೃಶ್ಯದ ನಲವತ್ತು ಸೆಕೆಂಡನ್ನೂ ಹೊಸದಾಗಿ ಬಿಡಿಸಬೇಕಿತ್ತು. ನೆರಳುಗಳಿಗೆ ಕಣ್ಣು, ಬಾಯಿ, ಬಟ್ಟೆಯ ಮಡಿಕೆ ಇಲ್ಲದ್ದರಿಂದ ಬದುಕಿದೆವು. ಆರೂ ಜನ ಕೂತೆವು. ಚಿತ್ರ ಬಿಡಿಸಲು ಬಾರದ ನಾನು ಒಳಗೆ ಬಣ್ಣ ತುಂಬಿದೆ. ಬಸವನ ಜಿಗಿತ ಸರಿ ಬರುತ್ತಿಲ್ಲ ಎಂದು ಮಹಬೂಬ ಗೊಣಗಿದಾಗಲೆಲ್ಲ ಕುಂಚ ಹಿಡಿದು ಸರ್ ಕಡೆ ನೋಡುತ್ತಿದ್ದ. ಸರ್ ಕುರ್ಚಿ ದೂರ ಸರಿಸಿಕೊಳ್ಳುತ್ತಿದ್ದರು.

ಸೋಮವಾರ ಮಧ್ಯಾಹ್ನ ಫೈಲು ಹೋಯಿತು. ಸಂಜೆಯ ಹೊತ್ತಿಗೆ ನಂದಿತಾ ಮೇಡಂ ಬರೆದರು: ‘ಎಂಟು ಸೆಕೆಂಡು ತೆಗೆದು ನೋಡಿದೆ. ಕಥೆ ಮುರಿಯಿತು. ವಾಪಸ್ ಹಾಕಿದ್ದೇನೆ. ಮೂರನೆಯ ತಪ್ಪು ರದ್ದು.’ ನಾನು ಓದಿ ಮುಗಿಸುವ ಮೊದಲೇ ಸ್ಟುಡಿಯೋದಲ್ಲಿ ಎದ್ದ ಕೂಗಿಗೆ ಕೆಳಗಿನ ಗೊಬ್ಬರದ ಅಂಗಡಿಯವರು ಮೇಲೆ ಬಂದು, "ಯಾರ್ದರ ಲಗ್ನ ಗಟ್ಟಿ ಆತೇನ್ರಿ?" ಎಂದು ಕೇಳಿದರು.

ಚಿತ್ರದ ಮೊದಲ ಪ್ರದರ್ಶನ ಮುದಗಲ್ಲಿನ ಒಂದು ಶಾಲೆಯಲ್ಲಿ ನಡೆಯಿತು. ಕಿಟಕಿಗೆಲ್ಲ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದರು. ನಾನು ಗೋಡೆಗೊರಗಿ ನಿಂತಿದ್ದೆ, ಎಲ್ಲಿ ಎಡವುತ್ತದೋ ಎಂಬ ಅಳುಕಿನಲ್ಲಿ. ಬಸವನ ಲಾಡಿ ಬಂತು, ಹೋಯಿತು. ಯಾರೂ ಏನೂ ಕೇಳಲಿಲ್ಲ. ಮುಂದಿನ ಸಾಲಿನ ಇಬ್ಬರು ಮಾತ್ರ ಒಬ್ಬರನ್ನೊಬ್ಬರು ಚಿವುಟಿ ತಮ್ಮ ತಮ್ಮ ಕೊರಳು ಮುಟ್ಟಿಕೊಂಡರು. ಬಾವಿಯ ದೃಶ್ಯದಲ್ಲಿ ಲಕ್ಷ್ಮಿ ಒಂದು ನೆರಳಿನ ಮುಂದೆ ಅನುಮಾನಿಸುತ್ತಾ ನಿಂತಾಗ ಇಡೀ ಕೋಣೆ ಎದ್ದು ನಿಂತಿತು. "ಕಂಕುಳಾಗ! ಏ ಲಕ್ಷ್ಮೀ, ಕಂಕುಳಾಗ ಮಾಡಬೇ! ಅವ ಬಸವ!"

ಮೂರು ವರ್ಷ ವೇದಿಕೆಗಳ ಮೇಲೆ ನಿಂತಿದ್ದೇನೆ. ಅಂಥ ಕೂಗು ನನಗೆ ಎಂದೂ ಸಿಕ್ಕಿರಲಿಲ್ಲ. ಅವತ್ತಿನದೂ ನನಗಲ್ಲ, ಒಂದು ನೆರಳಿಗೆ.

ಕೊನೆಯಲ್ಲಿ ಹೆಸರುಗಳು ಬಂದವು. ‘ಪಾತ್ರ ವಿನ್ಯಾಸ: ಮಹಬೂಬ ಖಾಸಿಂಸಾಬ್’. ನನ್ನ ಪಕ್ಕದಲ್ಲಿ ನಿಂತಿದ್ದ ಖಾಸಿಂಸಾಬ್ ಕಣ್ಣು ಕಿರಿದು ಮಾಡಿ ಓದಿದರು. ಊರೆಲ್ಲ ಬೇರೆಯವರ ಹೆಸರು ಬರೆದ ಮನುಷ್ಯ.

"ಮ ಅಕ್ಷರದ ಹೊಟ್ಟಿ ಸಣ್ಣ ಆತು" ಎಂದರು. ಹೆಸರು ಮೇಲೆ ಸರಿದು ಹೋದ ಮೇಲೆ, "ಒಮ್ಮಿ ಹಿಂದಕ ಹಾಕ್ರಿ ಅಂತ ಹೇಳವ್ವ. ಇನ್ನೊಮ್ಮಿ ನೋಡ್ತೀನಿ."

ಎದುರಿನವರ ಬಾಯಿ ಮುಚ್ಚಿಸುವುದೇ ಗೆಲುವು ಎಂದು ನಂಬಿದ್ದವಳಿಗೆ ಈ ಕೆಲಸ ಬೇರೆ ಪಾಠ ಕಲಿಸಿತು. ನಂದಿತಾ ಮೇಡಂ ಬಾಯಿ ಮುಚ್ಚಿದ್ದರೆ ಲಾಡಿ ಉಳಿಯುತ್ತಿತ್ತು, ಚಿತ್ರ ಸಾಧಾರಣವಾಗಿರುತ್ತಿತ್ತು. ಅವರು ಇನ್ನೂ ಕಷ್ಟದ ಪ್ರಶ್ನೆ ಕೇಳಿದ್ದರಿಂದ ನಾವು ಖಾಸಿಂಸಾಬರ ಅಂಗಳ ಮುಟ್ಟಿದೆವು. ಪ್ರಾತಿನಿಧ್ಯದ ಪಟ್ಟಿ ಬೇಡ ಎಂದು ನಾನೀಗ ವಾದಿಸುವುದಿಲ್ಲ. ಅದಿಲ್ಲದಿದ್ದರೆ ಅರಮನೆಯ ಮಕ್ಕಳೇ ಇವತ್ತಿಗೂ ಬಾವಿಗಿಳಿಯುತ್ತಿದ್ದರು. ಆದರೆ ಪಟ್ಟಿ ತುಂಬುವವರಿಗೆ ಪಟ್ಟಿಗಿಂತ ಮೊದಲಿನ ನೆನಪು ಇರಬೇಕು. ನನಗೆ ಅದು ಕಡಿಮೆ. ಹಾಗಾಗಿ ಹೊಸ ಕೆಲಸದ ಹಾಳೆ ಬಂದಾಗಲೆಲ್ಲ, ಕೊನೆಯ ಕಾಲಂ ತುಂಬುವ ಮೊದಲು ಮಸ್ಕಿಗೆ ಒಂದು ಫೋನ್ ಮಾಡುತ್ತೇನೆ. ಅವ್ವ ಈಗ ಹಲೋ ಕೂಡ ಅನ್ನುವುದಿಲ್ಲ.

"ಮತ್ತೇನು ಮರ್ತೀ?" ಎನ್ನುತ್ತಲೇ ಎತ್ತುತ್ತಾಳೆ.